ಆ ಬಟ್ಟೆ ತೊಳೀಬೇಡಿ

ನಮ್ಮ ಕಡೆ ಬಾಣಂತಿ ಇರುವ ಮನೆಯ ಗುರುತು ಹಿಡಿಯೋದು ಸುಲಭ. ಮಳೆಗಾಲದಲ್ಲಂತೂ ಇನ್ನೂ ಸುಲಭ. ಬಚ್ಚಲ ಒಲೆ ದಿನವಿಡೀ ಉರಿಯುತ್ತಿರುತ್ತದೆ. ಅದರ ಮೇಲೆ ಕಟ್ಟಿದ ಹಗ್ಗದ ತುಂಬ ಬಿಳಿ ಬಟ್ಟೆ ತುಂಡುಗಳು. ಹಳೆ ಪಂಚೆ, ಹಳೆ ಕಾಟನ್ ಸೀರೆ ಹರಿದು ಮಾಡಿದ್ದು. ತೀರ್ಥಹಳ್ಳಿ-ಆಗುಂಬೆ ರಸ್ತೆಯ ಮೇಗರವಳ್ಳಿಯ ಆಚೀಚೆ ಜುಲೈ ತಿಂಗಳಲ್ಲಿ ಕೂಸಿನ ಬಟ್ಟೆ ಒಣಗಿಸೋದೇ ಒಬ್ಬರ ಪೂರ್ತಿ ಕೆಲಸ. ಹೊಗೆ ವಾಸನೆಯ ಬಟ್ಟೆಯಲ್ಲೇ ನಾವೆಲ್ಲ ಬೆಳೆದವರು.

ಆರು ವರ್ಷದ ಹಿಂದೆ ಅಂಥ ಒಂದು ತುಂಡನ್ನು ಅಮ್ಮ ಇನ್ನೇನು ಬಕೆಟ್ ನೀರಿಗೆ ಹಾಕುವುದರಲ್ಲಿದ್ದಳು. ಪಕ್ಕದ ಮನೆಯ ನರ್ಸಮ್ಮ ತಡೆದರು. ಅದನ್ನು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ತಂಗಿ ಬೇಡ ಅನ್ನುತ್ತಿದ್ದಳು. ಈಗ "ಬರಿ, ಆದ್ರೆ ನನ್ನ ಹೆಸರೂ ಬೇಡ, ಅವನ ಹೆಸರೂ ಬೇಡ" ಅಂದಿದ್ದಾಳೆ. ಹಾಗಾಗಿ ಇಲ್ಲಿ ಅವಳು ತಂಗಿ, ಅವನು ಪುಟ್ಟ.

ಪುಟ್ಟ ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ. ದಿನ ತುಂಬಿತ್ತು, ಸಹಜ ಹೆರಿಗೆ, ಎರಡು ಮುಕ್ಕಾಲು ಕೆಜಿ ತೂಕ. ಹುಟ್ಟಿದ ದಿನವೇ ಕಪ್ಪು ಕಕ್ಕ ಮಾಡಿದ. ಕೂಸುಗಳು ಮೊಟ್ಟಮೊದಲು ಮಾಡುತ್ತವಲ್ಲ, ಟಾರಿನ ಹಾಗೆ ಅಂಟಂಟಾಗಿರುವುದು, ಅದು. ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ 95ರಷ್ಟು ಮಕ್ಕಳು ಮೊದಲ 24 ಗಂಟೆಯೊಳಗೇ ಮಾಡಿಬಿಡುತ್ತವೆ. ವಾರ್ಡಿನ ಸಿಸ್ಟರ್ ಅದನ್ನು ಕೇಳಿ ಬರೆದುಕೊಂಡರು. ಆಗ ನನಗೆ ನಗು ಬಂದಿತ್ತು. ಇದನ್ನೂ ಬರೆದುಕೊಳ್ಳೋದಾ ಅಂತ. ಮೂರನೇ ದಿನ ಮನೆಗೆ ಕರೆದುಕೊಂಡು ಬಂದೆವು.

ನಾಲ್ಕನೇ ದಿನ ಸಂಜೆ ಕುಡಿದ ಹಾಲನ್ನೆಲ್ಲ ಕಕ್ಕಿದ. "ಕಕ್ಕದೆ ಇರೋ ಕೂಸು ಎಲ್ಲಾದ್ರೂ ಉಂಟಾ" ಅಂದಳು ಅಮ್ಮ. ಅರ್ಧ ಗಂಟೆ ಬಿಟ್ಟು ಮತ್ತೆ ಕಕ್ಕಿದ. ಈ ಸಲ ಸ್ವಲ್ಪ ಹಳದಿ. ಸಮಾಧಾನಕ್ಕೆ ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಹೊಟ್ಟೆ ಒತ್ತಿ ನೋಡಿದರು. ಮೆತ್ತಗಿತ್ತು, ಉಬ್ಬಿರಲಿಲ್ಲ. ಕಕ್ಕ ಮಾಡಿದಾನಾ ಅಂತ ಕೇಳಿದರು. ಮಾಡಿದಾನೆ ಅಂದೆವು. "ಮತ್ತೇನಿಲ್ಲ, ಗಾಳಿ ನುಂಗಿದಾನೆ. ಹಾಲು ಕುಡಿಸಿದ ಮೇಲೆ ಭುಜಕ್ಕೆ ಹಾಕ್ಕೊಂಡು ತೇಗು ಬರಿಸಿ" ಅಂತ ಕಳಿಸಿದರು.

ರಾತ್ರಿಯೆಲ್ಲ ತೇಗು ಬರಿಸಿದೆವು. ಗಂಟೆಗೊಮ್ಮೆ ಕಕ್ಕಿದ. ಕರೆಂಟ್ ಇರಲಿಲ್ಲ. ಪುನರ್ವಸು ಮಳೆ ಹಿಡಿದಿತ್ತು, ಬಿಡುವ ಲಕ್ಷಣ ಇರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಬಟ್ಟೆ ಬದಲಿಸಿದ್ದಷ್ಟೇ ನೆನಪು. ಬಣ್ಣ ಯಾರು ನೋಡುತ್ತಾರೆ?

ಬೆಳಿಗ್ಗೆ ಬಟ್ಟೆ ಹಸಿರಾಗಿತ್ತು. ಒಂದೆಲಗ ಅರೆದು ಸೋಸಿದ ನೀರಿನ ಹಸಿರು. ತಂಬುಳಿ ಮಾಡುವವರಿಗೆ ಈ ಬಣ್ಣ ಬೇರೆ ಹೇಳಬೇಕಿಲ್ಲ.

"ಪಿತ್ತ ಕೆರಳಿದೆ" ಅಂದಳು ಅಮ್ಮ. ಬಜೆ ಸುಟ್ಟು ತೇಯ್ದು ನೆಕ್ಕಿಸಬೇಕು ಅಂತ ಹೊರಟಳು. ಇಲ್ಲೊಂದು ವಿಚಿತ್ರ ಇದೆ ನೋಡಿ. ಅಮ್ಮ ಹೇಳಿದ ಶಬ್ದ ಸರಿಯಾಗಿಯೇ ಇತ್ತು. ಅದು ಪಿತ್ತವೇ. ಪಿತ್ತಜನಕಾಂಗದಲ್ಲಿ ತಯಾರಾಗಿ, ಜಠರ ದಾಟಿದ ಕೂಡಲೇ ಸಣ್ಣ ಕರುಳಿನ ಆರಂಭಕ್ಕೆ ಬಂದು ಸುರಿಯುವ ಪಿತ್ತರಸ. ಆದರೆ ನಮ್ಮ ಮನೆಗಳಲ್ಲಿ ಪಿತ್ತ ಅಂದರೆ ಉಷ್ಣ, ಖಾಲಿ ಹೊಟ್ಟೆ, ಬಿಸಿಲಿಗೆ ಹೋಗಿ ಬಂದದ್ದು. ಅದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ. ಐದು ದಿನದ ಕೂಸಿನ ಬಾಯಿಂದ ಪಿತ್ತ ಬಂತು ಅಂದರೆ ಅರ್ಥ ಬೇರೆ. ಕೆಳಗೆ ಹರಿಯಬೇಕಾದ್ದು ದಾರಿ ಕಟ್ಟಿ ಮೇಲಕ್ಕೆ ಬರುತ್ತಿರಬಹುದು ಅಂತ ಅರ್ಥ.

ಇನ್ನೂ ವಿಚಿತ್ರ ನನ್ನದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಆಗಲೇ ಹದಿನಾಲ್ಕು ವರ್ಷ ಆಗಿತ್ತು ಪಾಠ ಮಾಡಲು ಶುರುಮಾಡಿ. ಪ್ರತಿ ವರ್ಷ ಬೋರ್ಡಿನ ಮೇಲೆ ಜೀರ್ಣಾಂಗದ ಚಿತ್ರ ಬರೆಯುತ್ತೇನೆ. ಪಿತ್ತಕೋಶಕ್ಕೆ ಹಸಿರು ಚಾಕ್‌ಪೀಸ್ ಬೇಕೇ ಬೇಕು, ಇಲ್ಲದಿದ್ದರೆ ಆಫೀಸ್ ರೂಮಿಗೆ ಮಗುವನ್ನು ಕಳಿಸಿ ತರಿಸುತ್ತೇನೆ. ಅದೇ ಹಸಿರು ಬಟ್ಟೆಯ ಮೇಲೆ ಕಂಡಾಗ ಗುರುತು ಸಿಗಲಿಲ್ಲ. ಆ ಡಾಕ್ಟರ್ ಬಣ್ಣ ಕೇಳಲಿಲ್ಲ ಅಂತ ತಂಗಿ ಗಂಡನಿಗೆ ಇವತ್ತಿಗೂ ಸಿಟ್ಟಿದೆ. ನನಗೆ ಆ ಸಿಟ್ಟು ಪೂರ್ತಿ ಬರುವುದಿಲ್ಲ. ನಾನೂ ನೋಡಿದ್ದೆ, ನನಗೂ ಹೊಳೆಯಲಿಲ್ಲ.

ನರ್ಸಮ್ಮ ಬಂದದ್ದು ಕೂಸಿಗೆ ನೀರು ಹಾಕಲು. ರಿಟೈರ್ ಆಗುವವರೆಗೂ ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸಿದವರು. ಜಗಲಿ ಹತ್ತುವಾಗಲೇ ಅಮ್ಮನ ಕೈಲಿದ್ದ ಬಟ್ಟೆ ನೋಡಿದರು.

"ಅಕ್ಕಾ, ಅದೇನು, ಇಲ್ಲಿ ಕೊಡಿ."

ಜಗಲಿಯ ಅಂಚಿಗೆ, ಬೆಳಕಿಗೆ ತಂದು ಬಿಡಿಸಿ ಹಿಡಿದರು.

"ಇದು ಕೆಳಗಿಂದ ಹೋಗಿದ್ದಾ, ಬಾಯಿಂದ ಬಂದಿದ್ದಾ?"

"ಬಾಯಿಂದ."

"ತೊಳೀಬೇಡಿ. ಕವರ್‌ಗೆ ಹಾಕಿ. ಹಾಲು ಕೊಡ್ಬೇಡಿ, ಬಜೆನೂ ಬೇಡ. ಈಗ್ಲೇ ಹೊರಡಿ."

ಅವರು ದನಿ ಏರಿಸಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ತೀರ್ಥಹಳ್ಳಿಗೆ ವಾಪಸ್ ಬಂದೆವು. ಅಲ್ಲಿ ಡ್ಯೂಟಿಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರ್. ನಾನು ಕವರ್ ಬಿಚ್ಚಿ ಬಟ್ಟೆ ತೋರಿಸಿದೆ. ಅವನು ಅದನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ ನೋಡಿದ. ನರ್ಸಮ್ಮ ಮಾಡಿದ ಹಾಗೆಯೇ. ಆಮೇಲೆ ಎಲ್ಲವೂ ಬೇಗಬೇಗ ಆಯಿತು. ಕೂಸಿನ ಬಾಯಿಯ ಮೂಲಕ ಹೊಟ್ಟೆಗೆ ಸಣ್ಣ ನಳಿಕೆ ಇಳಿಸಿದರು. ಸಿರಿಂಜಿನಲ್ಲಿ ಎಳೆದರೆ ಅದೇ ಹಸಿರು, ಇನ್ನೂ ಗಾಢ. ಕೈಗೆ ಡ್ರಿಪ್ ಹಾಕಿದರು. ತಲೆಗೆ ಟೊಪ್ಪಿ, ಮೈಗೆ ಹತ್ತಿ ಸುತ್ತಿದರು. ಡಾಕ್ಟರ್ ಕಾರಿಡಾರಿನಲ್ಲಿ ನಿಂತು ಫೋನ್ ಮೇಲೆ ಫೋನ್ ಮಾಡುತ್ತಿದ್ದ. ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಆದರೂ ಕಾಯಲಿಲ್ಲ ಅವನು.

"ನೋಡಿ ಮೇಡಂ, ಇಷ್ಟು ಚಿಕ್ಕ ಮಗು ಹಸಿರು ಕಕ್ಕಿದ್ರೆ ಆಪರೇಷನ್ ಬೇಡ ಅಂತ ಗೊತ್ತಾಗೋ ತನಕ ಬೇಕು ಅಂತಾನೇ ನಮ್ಮ ಲೆಕ್ಕ. ಮಕ್ಕಳ ಸರ್ಜನ್, ಮಕ್ಕಳ ಅರಿವಳಿಕೆಯವರು ಇಬ್ಬರೂ ಇರೋ ಕಡೆ ಹೋಗ್ಬೇಕು. ಮಣಿಪಾಲದಲ್ಲಿ ರೆಡಿ ಇರ್ತೀವಿ ಅಂದಿದಾರೆ."

ಹೊಟ್ಟೆ ಉಬ್ಬಿಲ್ಲವಲ್ಲ ಅಂತ ತಂಗಿ ಗಂಡ ಕೇಳಿದರು. ಹಿಂದಿನ ದಿನ ಅದೇ ಮಾತಿನ ಮೇಲೆ ಸಮಾಧಾನ ಮಾಡಿಕೊಂಡಿದ್ದೆವಲ್ಲ. ಅದಕ್ಕೆ ಅವನು ಹೇಳಿದ್ದು ಇಷ್ಟು. ಕರುಳು ಕೆಳಗಡೆ ಕಟ್ಟಿಕೊಂಡರೆ ಅದಕ್ಕಿಂತ ಮೇಲಿರುವುದೆಲ್ಲ ಊದಿ ಹೊಟ್ಟೆ ಉಬ್ಬುತ್ತದೆ. ಜಠರದ ಹತ್ತಿರವೇ ಕಟ್ಟಿಕೊಂಡರೆ ಊದಲು ಜಾಗವೇ ಇಲ್ಲ, ಇದ್ದದ್ದೆಲ್ಲ ವಾಂತಿಯಾಗುತ್ತದೆ. ಹೊಟ್ಟೆ ಚಪ್ಪಟೆಯಾಗಿ, ಮೆತ್ತಗೇ ಇರಬಹುದು. ಕಪ್ಪು ಕಕ್ಕವೂ ಹಾಗೇ. ಕಟ್ಟುವ ಮೊದಲು ಅಲ್ಲಿದ್ದದ್ದು ಹೊರಗೆ ಬಂದಿರುತ್ತದೆ. ಹಾಗಾಗಿ ಅದು ಹೋಗದಿದ್ದರೆ ಭಯ ಪಡಬೇಕು, ಹೋಯಿತು ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಮಣಿಪಾಲಕ್ಕೆ ಹೋಗಬೇಕೆಂದರೆ ಆಗುಂಬೆ ಘಾಟಿ ಇಳಿಯಬೇಕು. ಅಂದರೆ ಬಂದ ದಾರಿಯಲ್ಲೇ ವಾಪಸ್, ನಮ್ಮ ಮನೆಯ ಗೇಟಿನ ಮುಂದೆಯೇ. ಆಂಬುಲೆನ್ಸ್ ಬರುವಾಗ ಅಮ್ಮ ಛತ್ರಿ ಹಿಡಿದು ರಸ್ತೆಯಲ್ಲೇ ನಿಂತಿದ್ದಳು. ಡ್ರೈವರ್ ಒಂದು ನಿಮಿಷ ನಿಲ್ಲಿಸಿದರು. ಅವಳು ಕಿಟಕಿಯಿಂದ ಒಂದು ಗಂಟು ಒಳಗೆ ಕೊಟ್ಟಳು. ಬಚ್ಚಲ ಒಲೆಯ ಮೇಲೆ ಒಣಗಿಸಿದ ಬಟ್ಟೆಗಳು. ಏನೂ ಮಾತಾಡಲಿಲ್ಲ.

ಆಗುಂಬೆಗೆ ಮೊದಲು ಒಂದು ಕಡೆ ಮರ ಬಿದ್ದಿತ್ತು. ಊರಿನ ಹುಡುಗರು ಆಗಲೇ ಕೊಯ್ಯುತ್ತಿದ್ದರು. ಆಂಬುಲೆನ್ಸ್ ನೋಡಿ ಇನ್ನೂ ನಾಲ್ಕು ಜನ ಓಡಿ ಬಂದರು. ಇಪ್ಪತ್ತು ನಿಮಿಷ ಹೋಯಿತು. ಆಮೇಲೆ ಘಾಟಿಯ 14 ತಿರುವು, ಮಂಜು, ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದ ರಸ್ತೆ. ಜೊತೆಗೆ ಬಂದ ಸಿಸ್ಟರ್ ಕಾಲು ಗಂಟೆಗೊಮ್ಮೆ ನಳಿಕೆಯಿಂದ ಸಿರಿಂಜಿನಲ್ಲಿ ಎಳೆಯುತ್ತಿದ್ದರು. ತಿರುವಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಕಷ್ಟ, ಹೊಟ್ಟೆ ಖಾಲಿ ಇರಬೇಕು ಅಂದರು. ಒಂದು ಕೈಯಲ್ಲಿ ಸಿರಿಂಜು, ಇನ್ನೊಂದು ಕೈ ಕೂಸಿನ ಅಂಗಾಲಿನ ಮೇಲೆ. ತಣ್ಣಗಾಗುತ್ತಿದೆಯಾ ಅಂತ ನೋಡಲು. ಸೋಮೇಶ್ವರಕ್ಕೆ ಇಳಿದ ಮೇಲೆ ಅವರೂ ಉಸಿರು ಬಿಟ್ಟರು. ಹೆಬ್ರಿ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ.

ಮಣಿಪಾಲದಲ್ಲಿ ಮೊದಲು ಮಾಡಿದ್ದು ಹೊಟ್ಟೆಯ ಸ್ಕ್ಯಾನಿಂಗ್. ಕರುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿ ಒಂದು, ವಾಪಸ್ ತರುವ ಅಭಿಧಮನಿ ಒಂದು, ಅಕ್ಕಪಕ್ಕ ಇರುತ್ತವೆ. ಪುಟ್ಟನಲ್ಲಿ ಒಂದರ ಸುತ್ತ ಇನ್ನೊಂದು ಸುತ್ತಿಕೊಂಡಿತ್ತು. ಕರುಳೂ ಜೊತೆಗೆ. ಸರ್ಜನ್ ಮೇಡಂ ತಂಗಿ ಗಂಡನನ್ನೂ ನನ್ನನ್ನೂ ಕರೆದು ತೆರೆ ತೋರಿಸಿದರು. "ಸುಳಿ ಕಾಣ್ತಾ ಇದೆಯಾ? ಇದಕ್ಕೆ ವರ್ಲ್‌ಪೂಲ್ ಸೈನ್ ಅಂತೀವಿ." ಕಂಡಿತು. ತುಂಬಿದ ತುಂಗೆಯಲ್ಲಿ ಸೇತುವೆ ಮೇಲಿಂದ ನೋಡಿದರೆ ಕಾಣುತ್ತದಲ್ಲ, ಹಾಗೇ. ಸಂದೇಹ ಇದ್ದರೆ ಬಾಯಿಂದ ಎಕ್ಸ್‌ರೇಯಲ್ಲಿ ಕಾಣುವ ಔಷಧಿ ಕೊಟ್ಟು ಅದು ಹೋಗುವ ದಾರಿ ನೋಡುತ್ತಾರೆ. ಸರಿಯಿದ್ದರೆ ಎಡಕ್ಕೆ ಸುತ್ತಿ ಹೋಗಬೇಕು. ತಿರುಚಿದ್ದರೆ ಕಾರ್ಕ್ ತೆಗೆಯುವ ಸುರುಳಿ ತಂತಿಯ ಹಾಗೆ ಇಳಿಯುತ್ತದೆ. ನಮಗೆ ಅದರ ಅಗತ್ಯ ಬೀಳಲಿಲ್ಲ. ನೇರ ಆಪರೇಷನ್ ಥಿಯೇಟರ್.

ಹೊರಗೆ ಕೂತ ಹೊತ್ತಿನ ಬಗ್ಗೆ ಬರೆಯಲು ಏನಿಲ್ಲ. ತಂಗಿ ಬಾಣಂತಿ, ಆ ತಣ್ಣನೆ ಬೆಂಚಿನ ಮೇಲೆ. ಅವಳ ಎದೆಯಲ್ಲಿ ಹಾಲು ಕಟ್ಟಿ ರವಿಕೆ ಒದ್ದೆಯಾಗುತ್ತಿತ್ತು. ನಾನು ಅಮ್ಮ ಕೊಟ್ಟ ಗಂಟು ಬಿಚ್ಚಿ ಬಟ್ಟೆ ಕೊಡುತ್ತಿದ್ದೆ.

ಎರಡು ಗಂಟೆಯಾದ ಮೇಲೆ ಮೇಡಂ ಹೊರಗೆ ಬಂದರು. ಕರುಳು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಒಂದೂವರೆ ಸುತ್ತು ಸುತ್ತಿಕೊಂಡಿತ್ತಂತೆ. ಹೆಚ್ಚುಕಡಿಮೆ ಯಾವಾಗಲೂ ಅದೇ ದಿಕ್ಕು. ಬಿಡಿಸುವುದು ಉಲ್ಟಾ. "ನಾವು ಟೈಮ್ ಹಿಂದಕ್ಕೆ ತಿರುಗಿಸ್ತೀವಿ ಅಂತ ತಮಾಷೆ ಮಾಡ್ತೀವಿ" ಅಂದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ, ಸುಸ್ತಿತ್ತು. ಬಿಡಿಸಿದಾಗ ಕರುಳು ನೇರಳೆ ಹಣ್ಣಿನ ಬಣ್ಣಕ್ಕೆ ಬಂದಿತ್ತು. ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆ ಹಾಕಿ ಮುಚ್ಚಿ ಕಾದರಂತೆ.

"ಬಟ್ಟೆಯಾ?" ಅಂದೆ ನಾನು.

"ಹೌದು, ಬೆಚ್ಚಗಿನ ಬಟ್ಟೆ. ಆಮೇಲೆ ತೆಗೆದು ನೋಡೋದು. ಗುಲಾಬಿ ಆದ್ರೆ ಉಳೀತು. ಕಪ್ಪಾಗೇ ಇದ್ರೆ ಕತ್ತರಿಸ್ಬೇಕು. ನಿಮ್ಮದು ಗುಲಾಬಿ ಆಯ್ತು. ಇನ್ನು ಸ್ವಲ್ಪ ಹೊತ್ತು ಹೋಗಿದ್ರೆ ಹೇಳೋಕಾಗ್ತಿರಲಿಲ್ಲ."

ಹೀಗೆ ಯಾಕಾಗುತ್ತದೆ ಅಂತ ಆಮೇಲೆ ಓದಿಕೊಂಡೆ. ಗರ್ಭದಲ್ಲಿ ಆರನೇ ವಾರದ ಹೊತ್ತಿಗೆ ಕರುಳು ಎಷ್ಟು ಬೇಗ ಬೆಳೆಯುತ್ತದೆ ಅಂದರೆ ಪಿಂಡದ ಹೊಟ್ಟೆಯಲ್ಲಿ ಜಾಗ ಸಾಲುವುದಿಲ್ಲ. ಹೊಕ್ಕುಳ ಬಳ್ಳಿಯೊಳಕ್ಕೆ ಹೋಗಿ ಅಲ್ಲಿ ಬೆಳೆಯುತ್ತದೆ. ಹತ್ತನೇ ವಾರದ ಹೊತ್ತಿಗೆ ವಾಪಸ್ ಬರುತ್ತದೆ. ಹೋಗಿ ಬರುವಾಗ ಒಟ್ಟು 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತು, ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತದೆ. ತಿರುಗಿ, ಹೊಟ್ಟೆಯ ಹಿಂಭಾಗದ ಗೋಡೆಗೆ ಅಂಟಿಕೊಳ್ಳುತ್ತದೆ. ಎಡ ಮೇಲಿನ ಮೂಲೆಯಿಂದ ಬಲ ಕೆಳಗಿನ ಮೂಲೆಯವರೆಗೆ ಅಗಲವಾಗಿ. ಕೆಲವು ಮಕ್ಕಳಲ್ಲಿ ಈ ತಿರುಗುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಆಗ ಕರುಳೆಲ್ಲ ಒಂದು ಸಣ್ಣ ತೊಟ್ಟಿನ ಮೇಲೆ ನೇತಾಡುತ್ತಿರುತ್ತದೆ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ತೊಟ್ಟಿಲಿನಿಂದ. ನಮ್ಮ ಮನೆಯ ಮರದ ತೊಟ್ಟಿಲನ್ನು ಜಂತಿಯ ಎರಡು ಕೊಂಡಿಗೆ, ದೂರ ದೂರ ಕಟ್ಟುತ್ತಾರೆ. ಎಷ್ಟು ತೂಗಿದರೂ ಅದು ಹಿಂದೆ ಮುಂದೆ ಹೋಗುತ್ತದೆ, ಗಿರಗಿರ ತಿರುಗುವುದಿಲ್ಲ. ಸೀರೆ ಜೋಲಿ ಹಾಗಲ್ಲ. ಒಂದೇ ಕೊಂಡಿ. ಸ್ವಲ್ಪ ದೂಡಿದರೆ ಸುತ್ತಿಕೊಳ್ಳುತ್ತದೆ, ಮೇಲೆ ಹಗ್ಗ ನುಲಿಯುತ್ತದೆ. ಕರುಳಿಗೆ ರಕ್ತ ಹೋಗುವುದು ಆ ಹಗ್ಗದೊಳಗಿಂದಲೇ.

ಆಪರೇಷನ್ನಿನ ಹೆಸರು ಲ್ಯಾಡ್ಸ್ ಪ್ರೊಸೀಜರ್. ವಿಲಿಯಂ ಲ್ಯಾಡ್ ಅಂತ ಬಾಸ್ಟನ್ನಿನ ಸರ್ಜನ್ 1936ರಲ್ಲಿ ವಿವರಿಸಿದ್ದು. ಇವತ್ತಿಗೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತಾರೆ. ಸುತ್ತು ಬಿಡಿಸುವುದು, ಅಡ್ಡ ಬಿಗಿದುಕೊಂಡಿರುವ ಪಟ್ಟಿಗಳನ್ನು ಕತ್ತರಿಸುವುದು, ಆ ತೊಟ್ಟನ್ನು ಬಿಡಿಸಿ ಅಗಲ ಮಾಡುವುದು. ನನಗೆ ಆಶ್ಚರ್ಯ ಆದದ್ದು, ಕರುಳನ್ನು ಎಲ್ಲರಿಗೆ ಇರುವ ಹಾಗೆ ಜೋಡಿಸುವುದೇ ಇಲ್ಲ! ಸಣ್ಣ ಕರುಳು ಪೂರ್ತಿ ಬಲಕ್ಕೆ, ದೊಡ್ಡ ಕರುಳು ಪೂರ್ತಿ ಎಡಕ್ಕೆ ಇಟ್ಟು ಹೊಟ್ಟೆ ಮುಚ್ಚುತ್ತಾರೆ. ಅಪೆಂಡಿಕ್ಸ್ ಕೂಡ ತೆಗೆದಿದ್ದರು. "ಅದು ಏನು ತಪ್ಪು ಮಾಡಿತ್ತು?" ಅಂತ ತಂಗಿ ಗಂಡ ಕೇಳಿಯೇ ಬಿಟ್ಟರು. ಇನ್ನು ಮುಂದೆ ಅದು ಎಡಗಡೆ ಇರುತ್ತದೆ, ಮುಂದೊಂದು ದಿನ ಅದು ಕೆಟ್ಟು ಎಡಗಡೆ ಹೊಟ್ಟೆನೋವು ಬಂದರೆ ಯಾವ ಡಾಕ್ಟರಿಗೂ ಅನುಮಾನ ಬರೋಲ್ಲ ಅಂತ ಮೇಡಂ ವಿವರಿಸಿದರು. ಅವರಿಗೆ ಸಮಾಧಾನ ಆಯಿತು.

ಎರಡು ವಾರ ಅಲ್ಲಿದ್ದೆವು. ಮಕ್ಕಳು ಒಳಗೆ, ತಾಯಂದಿರು ಹೊರಗಿನ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು. ಕರುಳು ಕಟ್ಟುವುದರಲ್ಲಿ ಎಷ್ಟು ಬಗೆ ಇದೆ ಅಂತ ನನಗೆ ತಿಳಿದದ್ದು ಆ ಹಾಲ್‌ನಲ್ಲಿ.

ಒಬ್ಬಳು ಹೊಸನಗರದ ಕಡೆಯವಳು, ಮೊದಲ ಹೆರಿಗೆ. ಬಸುರಿಯಾಗಿದ್ದಾಗಲೇ ಸ್ಕ್ಯಾನ್‌ನಲ್ಲಿ ನೀರು ಜಾಸ್ತಿ ಇದೆ ಅಂದಿದ್ದರಂತೆ. ಹೊಟ್ಟೆಯೊಳಗಿನ ಕೂಸು ಸುತ್ತಲಿನ ನೀರನ್ನು ಕುಡಿಯುತ್ತಲೇ ಇರುತ್ತದೆ. ಮೇಲೆಯೇ ದಾರಿ ಮುಚ್ಚಿದ್ದರೆ ಕುಡಿದದ್ದು ಮುಂದೆ ಹೋಗದೆ ನೀರು ಏರುತ್ತದೆ. ಅವಳ ಮಗುವಿನ ಎಕ್ಸ್‌ರೇಯಲ್ಲಿ ಎರಡೇ ಎರಡು ಗಾಳಿಗುಳ್ಳೆ. ಒಂದು ಜಠರ, ಇನ್ನೊಂದು ಊದಿಕೊಂಡ ಸಣ್ಣ ಕರುಳಿನ ಶುರು. ಅದರಾಚೆ ಖಾಲಿ. ಡಬಲ್ ಬಬಲ್ ಅಂತಾರೆ. ಮುಚ್ಚಿದ ಜಾಗದ ಮೇಲಿನ ತುದಿ, ಕೆಳಗಿನ ತುದಿ ಸೇರಿಸಿ ಹೊಲಿದರು. ಇಂಥ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಮೂರಕ್ಕೆ ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನವಾಗುವ ಸ್ಥಿತಿ, ಇರುತ್ತದೆ. ಅವಳದಕ್ಕೂ ಇತ್ತು. ಅವಳ ಅತ್ತೆ ಆಪರೇಷನ್ ಬೇಕಾ ಅಂತ ಗೊಣಗಿದರು. ಆ ಹುಡುಗಿ ತಲೆ ಎತ್ತದೆ, ಮೆತ್ತಗೆ, "ನನ್ ಮಗು ಹಸಿದಿದೆ ಅತ್ತೆ" ಅಂದಳು. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ.

ಇನ್ನೊಬ್ಬರ ಮಗುವಿಗೆ ಕರುಳು ನಡುವೆ ತುಂಡಾಗಿತ್ತು. ಹೀಗೆ ಯಾಕಾಗುತ್ತದೆ ಅನ್ನುವುದನ್ನು 1955ರಲ್ಲಿ ಕೇಪ್‌ಟೌನಿನ ಲೌ ಮತ್ತು ಬರ್ನಾರ್ಡ್ ತೋರಿಸಿದರು. ಗರ್ಭದಲ್ಲಿದ್ದ ನಾಯಿಮರಿಗಳ ಕರುಳಿನ ಒಂದು ತುಂಡಿಗೆ ರಕ್ತ ಹೋಗದಂತೆ ಕಟ್ಟಿದರು. ಹುಟ್ಟಿದಾಗ ಆ ತುಂಡು ಕರಗಿ ಹೋಗಿ, ಮಕ್ಕಳಲ್ಲಿ ಕಾಣುವಂಥದೇ ದೋಷ ಉಳಿದಿತ್ತು. ಬರ್ನಾರ್ಡ್ ಅಂದರೆ ಅವರೇ, 1967ರಲ್ಲಿ ಮೊದಲ ಬಾರಿ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದ ಕ್ರಿಸ್ಟಿಯಾನ್ ಬರ್ನಾರ್ಡ್. ಹೃದಯದ ಕತೆ ಎಲ್ಲರಿಗೂ ಗೊತ್ತು, ಕರುಳಿನದ್ದು ಯಾರಿಗೂ ಬೇಕಿಲ್ಲ.

ಇಂಥವೆಲ್ಲ ಗರ್ಭದಲ್ಲೇ ತಾವಾಗಿ ಆಗುತ್ತವೆ ಅನ್ನುವುದನ್ನು ನಾನು ಓದಿ ಹೇಳಿದ ದಿನ ತಂಗಿ ಅತ್ತಳು. ಯಾಕೆಂದರೆ ಊರಿಂದ ಬಂದ ಫೋನುಗಳಲ್ಲೆಲ್ಲ ಒಂದೇ ಪ್ರಶ್ನೆ. ಗ್ರಹಣದ ದಿನ ಹೊರಗೆ ಬಂದಿದ್ದಳಾ? ಪರಂಗಿ ಹಣ್ಣು ತಿಂದಿದ್ದಳಾ? ಯಾರೋ ಒಬ್ಬರು ನಾಗದೋಷ ಕೇಳಿಸಿ ಅಂದರು. ಆ ಹೊತ್ತಿನಲ್ಲಿ ನನಗೆ ಬಂದಷ್ಟು ಕೋಪ ಜೀವನದಲ್ಲಿ ಬಂದಿಲ್ಲ. ಅವಳು ಬಸುರಿ ಅಂತ ಗೊತ್ತಾಗಿ ವಾಂತಿ ಶುರುವಾದ ವಾರಗಳಲ್ಲೇ ಒಳಗೆ ಆ ಸುತ್ತು ಅರ್ಧಕ್ಕೆ ನಿಂತಾಗಿತ್ತು. ಅವಳು ಏನು ತಿಂದರೂ, ಎಲ್ಲಿ ನಿಂತರೂ.

ಐದು ತಿಂಗಳ ಸ್ಕ್ಯಾನ್‌ನಲ್ಲಿ ಯಾಕೆ ಕಾಣಲಿಲ್ಲ ಅಂತ ಅವಳು ಮೇಡಂಗೆ ಕೇಳಿದಳು. ಕಟ್ಟಿಕೊಂಡಿದ್ದರೆ ತಾನೇ ಕಾಣುವುದು. ಗರ್ಭದಲ್ಲಿದ್ದಾಗ ಪುಟ್ಟನ ಕರುಳು ತಪ್ಪು ಜಾಗದಲ್ಲಿ ಸುಮ್ನೆ ಇತ್ತು. ಸುತ್ತಿಕೊಂಡದ್ದು ಹುಟ್ಟಿದ ಮೇಲೆ.

ಒಬ್ಬ ಅಪ್ಪ ಚಿತ್ರದುರ್ಗದ ಕಡೆಯವರು. ಅವರ ಮಗನಿಗೆ ಗುದದ್ವಾರವೇ ತೆರೆದಿರಲಿಲ್ಲ. ಗೊತ್ತಾದದ್ದು ಎರಡನೇ ದಿನ. "ಯಾರೂ ಮಗುನ ತಿರುಗಿಸಿ ನೋಡ್ಲಿಲ್ಲ ಮೇಡಂ, ನಾವೂ ನೋಡ್ಲಿಲ್ಲ" ಅನ್ನುತ್ತಿದ್ದರು. ಈ ದೋಷ ಸುಮಾರು 5,000ಕ್ಕೆ ಒಂದು ಮಗುವಿಗೆ ಇರುತ್ತದೆ. ಮೊದಲು ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಕಟ್ಟುತ್ತಾರೆ. ಕೆಲವು ತಿಂಗಳಾದ ಮೇಲೆ ಹಿಂದಿನಿಂದ ಸರಿಯಾದ ಜಾಗದಲ್ಲಿ ದ್ವಾರ ಮಾಡುತ್ತಾರೆ. ಆಲ್ಬರ್ಟೊ ಪೆನ್ಯಾ ಅನ್ನುವವರು 1980ರ ದಶಕದ ಆರಂಭದಲ್ಲಿ ತಂದ ವಿಧಾನ. ಅದು ಮಾಗಿದ ಮೇಲೆ ಹೊಟ್ಟೆಯ ದಾರಿ ಮುಚ್ಚುತ್ತಾರೆ. ಮೂರು ಆಪರೇಷನ್. ಆ ಅಪ್ಪ ಚೀಲ ಬದಲಿಸುವುದನ್ನು ಸಿಸ್ಟರ್‌ಗಿಂತ ಚೆನ್ನಾಗಿ ಕಲಿತಿದ್ದರು.

ಇನ್ನೊಂದು ಮಗು ಮೂರು ದಿನ ಕಪ್ಪು ಕಕ್ಕ ಮಾಡಿರಲಿಲ್ಲ, ಹೊಟ್ಟೆ ನಗಾರಿಯ ಹಾಗಿತ್ತು. ಅದರ ಕರುಳು ತುಂಡಾಗಿರಲಿಲ್ಲ, ತಿರುಚಿರಲಿಲ್ಲ. ಕೊನೆಯ ಭಾಗದಲ್ಲಿ ನರಕೋಶಗಳೇ ಇರಲಿಲ್ಲ. ಈ ಕೋಶಗಳು ಗರ್ಭದಲ್ಲಿ ಕರುಳಿನ ಮೇಲ್ತುದಿಯಿಂದ ಕೆಳತುದಿಗೆ ನಡೆದುಕೊಂಡು ಬರುತ್ತವೆ. ಕೆಲವು ಮಕ್ಕಳಲ್ಲಿ ಕೊನೆ ಮುಟ್ಟುವುದಿಲ್ಲ. ಎಲ್ಲಿ ನಿಂತವೋ ಅಲ್ಲಿಂದ ಕೆಳಗೆ ಕರುಳು ಸಡಿಲವಾಗುವುದೇ ಇಲ್ಲ. ಕೋಪನ್‌ಹೇಗನ್ನಿನ ಹಿರ್ಷ್‌ಸ್ಪ್ರುಂಗ್ ಇಂಥ ಎರಡು ಮಕ್ಕಳ ಬಗ್ಗೆ ಹೇಳಿದ್ದು 1886ರಲ್ಲಿ, ಕಾಯಿಲೆಗೆ ಅವರದೇ ಹೆಸರು. ಸರಿಯಾದ ಆಪರೇಷನ್ ಬಂದದ್ದು 1948ರಲ್ಲಿ, ಸ್ವೆನ್ಸನ್ ಅವರಿಂದ. ನಡುವೆ ಅರವತ್ತು ವರ್ಷ ಹೋಗಿದೆ. ಊದಿಕೊಂಡ ಮೇಲಿನ ಭಾಗವೇ ಕೆಟ್ಟಿದೆ ಅಂತ ಎಲ್ಲರೂ ಅದನ್ನೇ ನೋಡುತ್ತಿದ್ದರು. ಕೆಟ್ಟಿದ್ದು ಅದರ ಕೆಳಗಿನ, ನೋಡಲು ಸರಿಯಾಗಿಯೇ ಕಾಣುವ ಭಾಗ.

ಪುಟ್ಟನದೇ ಕಾಯಿಲೆಯ ಇನ್ನೊಂದು ಕೂಸಿತ್ತು. ನಮಗಿಂತ ದೂರದಿಂದ, ನಮಗಿಂತ ಒಂದು ದಿನ ತಡವಾಗಿ ಬಂದವರು. ಬಿಸಿ ಬಟ್ಟೆ ತೆಗೆದಾಗ ಅವರದು ಗುಲಾಬಿ ಆಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ನಾನು ಎದ್ದಾಗ ಆ ತಾಯಿ ಚಾಪೆ ಸುತ್ತಿ ಗೋಡೆಗೆ ಒರಗಿಸಿ ಹೋಗಿದ್ದರು.

ಆಪರೇಷನ್ ಆದ ಮೇಲೆ ಕಾಯುವುದೇ ಕೆಲಸ. ಕರುಳು ಎಚ್ಚರವಾಗುವವರೆಗೆ ಬಾಯಿಗೆ ಏನೂ ಇಲ್ಲ, ಎಲ್ಲ ರಕ್ತನಾಳದ ಮೂಲಕವೇ. ಗ್ಲುಕೋಸ್ ಮಾತ್ರ ಅಲ್ಲ, ಪ್ರೊಟೀನ್, ಕೊಬ್ಬು ಕೂಡ. ಅದೂ ಅಷ್ಟೇನು ಹಳೆಯದಲ್ಲ. ಕರುಳು ಹೆಚ್ಚುಕಡಿಮೆ ಇಲ್ಲದೆ ಹುಟ್ಟಿದ ಒಂದು ಹೆಣ್ಣು ಕೂಸನ್ನು ಬರೀ ರಕ್ತನಾಳದ ಮೂಲಕ ಆಹಾರ ಕೊಟ್ಟು ಬೆಳೆಸಿದ್ದನ್ನು ವಿಲ್ಮೋರ್ ಮತ್ತು ಡಡ್ರಿಕ್ ಅನ್ನುವ ಅಮೆರಿಕದ ವೈದ್ಯರು 1968ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಆಪರೇಷನ್ ಚೆನ್ನಾಗಿ ಆದರೂ ಹೊಟ್ಟೆಗಿಲ್ಲದೆ ಮಕ್ಕಳು ಹೋಗುತ್ತಿದ್ದವು.

ನಳಿಕೆಯಲ್ಲಿ ಬರುವುದರ ಬಣ್ಣ ನೋಡುವುದು ನಮ್ಮ ದಿನಚರಿಯಾಯಿತು. ಮೊದಲು ಕಡು ಹಸಿರು. ಆಮೇಲೆ ತಿಳಿ ಹಸಿರು. ಆಮೇಲೆ ಹಳದಿ. ಆಮೇಲೆ ಎಂಜಲಿನ ಹಾಗೆ ಬಿಳಿ. ಆರನೇ ದಿನ ಕಕ್ಕ ಮಾಡಿದ. ಸಿಸ್ಟರ್ ಹೊರಗೆ ಬಂದು ಹೇಳಿದಾಗ ಇಡೀ ಹಾಲ್‌ನ ಹೆಂಗಸರು ನಕ್ಕರು, ಒಬ್ಬ ಅಜ್ಜಿ ಸಕ್ಕರೆ ಹಂಚಿದರು. ಅದೇ ದಿನ ತಂಗಿ ಹಿಂಡಿ ಇಟ್ಟಿದ್ದ ಹಾಲು ಎರಡು ಎಂಎಲ್ ಕೊಟ್ಟರು. ಎರಡು ಎಂಎಲ್ ಅಂದರೆ ಅರ್ಧ ಚಮಚೆಯೂ ಇಲ್ಲ. ಕಕ್ಕಲಿಲ್ಲ.

ಊರಿಗೆ ಬಂದ ಮೇಲೆ ನನ್ನ ಬ್ಯಾಗ್ ತೊಳೆಯಲು ತೆಗೆದಾಗ ಆ ಪ್ಲಾಸ್ಟಿಕ್ ಕವರ್ ಸಿಕ್ಕಿತು. ಬಟ್ಟೆ ಒಣಗಿ ಕಲೆ ಕಂದು ಬಣ್ಣಕ್ಕೆ ತಿರುಗಿತ್ತು. ಈಗ ತೋರಿಸಿದರೆ ಯಾವ ಡಾಕ್ಟರೂ ಏನೂ ಹೇಳಲಾರರು. ಅಮ್ಮ ಒಲೆಗೆ ಹಾಕಿದಳು.

ಈಗ ಪುಟ್ಟ ಒಂದನೇ ಕ್ಲಾಸ್. ಹೊಕ್ಕುಳ ಮೇಲೆ ಬಲಕ್ಕೆ ಅಡ್ಡ ಗೆರೆ ಇದೆ. ಒಂದೆಲಗದ ತಂಬುಳಿ ಅಂದರೆ ಅವನಿಗೆ ಪ್ರಾಣ. ತಂಗಿ ಮಾತ್ರ ಮುಟ್ಟುವುದಿಲ್ಲ.

ಹೋದ ಮಳೆಗಾಲದಲ್ಲಿ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ರಾತ್ರಿ ಹತ್ತಕ್ಕೆ ಫೋನ್ ಮಾಡಿದಳು. ಹೆರಿಗೆಯಾಗಿ ಹನ್ನೊಂದು ದಿನ. "ಟೀಚರ್, ಮಗು ಹಸಿರು ಕಕ್ಕಿದೆಯೋ ಹಳದಿಯೋ ಗೊತ್ತಾಗ್ತಿಲ್ಲ." ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಳು. ಬಲ್ಬಿನ ಬೆಳಕಿನಲ್ಲಿ ಎಲ್ಲವೂ ಹಳದಿಯೇ. ಫೋಟೋ ನೋಡಿ ಹೇಳುವಷ್ಟು ಧೈರ್ಯ ನನಗಿಲ್ಲ, ಹೇಳಲೂಬಾರದು. "ಬಟ್ಟೆ ತೊಳೀಬೇಡ. ತಗೊಂಡು ಈಗ್ಲೇ ಆಸ್ಪತ್ರೆಗೆ ಹೋಗು" ಅಂದೆ. ಅವಳ ಅತ್ತೆ ಹಿಂದಿನಿಂದ ಮಳೆಯಲ್ಲಿ ಬಾಣಂತಿ ಹೊರಗೆ ಹೋಗೋದಾ ಅನ್ನುತ್ತಿದ್ದದ್ದು ಕೇಳಿಸಿತು. ಅವಳು ಹೋದಳು. ಶಿವಮೊಗ್ಗದವರೆಗೂ ಹೋಗಿ, ಸ್ಕ್ಯಾನ್ ಮಾಡಿಸಿ, ಬಾಯಿಂದ ಔಷಧಿ ಕೊಟ್ಟು ಎಕ್ಸ್‌ರೇ ತೆಗೆಸಿ, ಎರಡು ದಿನ ಇದ್ದು ಬಂದಳು. ಕರುಳು ಸರಿಯಾಗಿಯೇ ಇತ್ತು. ಹಾಗೂ ಇರುತ್ತದೆ. ಹಸಿರು ಕಕ್ಕಿದ ಮಕ್ಕಳಿಗೆಲ್ಲ ಆಪರೇಷನ್ ಬೇಕಾಗುವುದಿಲ್ಲ, ಆದರೆ ಯಾರಿಗೆ ಬೇಕು ಅಂತ ಮನೆಯಲ್ಲಿ ಕೂತು ತಿಳಿಯುವುದಿಲ್ಲ.

ಮನೆಗೆ ಬಂದು ಫೋನ್ ಮಾಡಿದಾಗ ದನಿಯಲ್ಲಿ ಸ್ವಲ್ಪ ನಾಚಿಕೆ ಇತ್ತು. "ಏನೂ ಇರ್ಲಿಲ್ಲ ಟೀಚರ್. ಸುಮ್ನೆ ಹೋಗಿ ಬಂದ ಹಾಗಾಯ್ತು."

"ಬಟ್ಟೆ ಏನು ಮಾಡಿದೆ?"

"ಇವತ್ತು ತೊಳೆದು ಹಾಕಿದೆ. ಇನ್ನೂ ಒಣಗಿಲ್ಲ" ಅಂದಳು.